ಎಂಜಿನಿಯರ್ಡ್ ಮರದ ತೊಲೆಗಳು ಮತ್ತು ಮಳೆನೀರು: ವರ್ತಕರೂ ಉದ್ದಿಮೆದಾರರೂ ಅರಿಯಬೇಕಾದ ಸಂಗತಿಗಳು

ತೇಗ, ಹೊನ್ನೆ, ಮತ್ತಿ, ಬೀಟೆ ಮೊದಲಾದ ಇಡಿಮರಗಳ ಗುಣದೋಷಗಳು ಮರವ್ಯಾಪಾರದಲ್ಲಿ ತಲೆಮಾರುಗಳ ಅನುಭವದಿಂದ ತಿಳಿದುಬಂದಿವೆ. ಯಾವ ಮರ ಮಳೆಗೆ ನಿಲ್ಲುತ್ತದೆ, ಯಾವುದಕ್ಕೆ ಗೆದ್ದಲು ಬೇಗ ಹತ್ತುತ್ತದೆ ಎಂಬುದನ್ನು ಹಳೆಯ ಮರದ ಡಿಪೋಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ತೆಳುವಾದ ಮರದ ಪದರಗಳನ್ನು ಅಂಟಿನಿಂದ ಬೆಸೆದು ಕಾರ್ಖಾನೆಯಲ್ಲಿ ತಯಾರಿಸುವ ‘ಎಂಜಿನಿಯರ್ಡ್’ ಮರದ ತೊಲೆಗಳ ವಿಷಯದಲ್ಲಿ ಈ ಅನುಭವವೊಂದೇ ಸಾಲದು. ಇಲ್ಲಿ ಮರದ ಜೊತೆಗೆ ಅಂಟನ್ನೂ, ತಯಾರಿಕೆಯ ವಿಧಾನವನ್ನೂ, ಅದಕ್ಕಿಂತ ಮುಖ್ಯವಾಗಿ ಸರಕು ಕಾರ್ಖಾನೆಯನ್ನು ಬಿಟ್ಟ ದಿನದಿಂದ ಕಟ್ಟಡಕ್ಕೆ ಸೂರು ಬೀಳುವ ದಿನದವರೆಗೆ ಅದನ್ನು ಹೇಗೆ ಕಾಯಲಾಯಿತು ಎಂಬುದನ್ನೂ ಗಮನಿಸಬೇಕಾಗುತ್ತದೆ.

ಇಂಥ ತೊಲೆಗಳ ನಿಜವಾದ ತವರು ಅಮೆರಿಕ, ಕೆನಡಾ ಮತ್ತು ಯೂರೋಪಿನ ದೇಶಗಳು. ಅಲ್ಲಿ ಮನೆಗಳ ಚೌಕಟ್ಟೇ ಮರದ್ದು. ನಮ್ಮಲ್ಲಿ ಅವು ಬಳಕೆಗೆ ಬಂದಿರುವುದು ಹೆಚ್ಚಾಗಿ ಕಾಂಕ್ರೀಟ್ ಕಟ್ಟಡಗಳ ಸೆಂಟ್ರಿಂಗ್ ತೊಲೆಗಳಾಗಿ ಹಾಗೂ ಬಾಗಿಲು ಚೌಕಟ್ಟು, ಪೀಠೋಪಕರಣಗಳ ಸಾಮಗ್ರಿಯಾಗಿ. ಬಳಕೆ ಬೇರೆಯಾದರೂ ನೀರು ಮರದೊಳಗೆ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ. ಆದ್ದರಿಂದ ಆ ದೇಶಗಳ ಅನುಭವ ಇಲ್ಲಿನ ವರ್ತಕರಿಗೂ ಬಾಡಿಗೆ ಸಾಮಗ್ರಿ ಒದಗಿಸುವವರಿಗೂ ಉಪಯುಕ್ತವಾಗಿದೆ.

ಈ ತೊಲೆಗಳು ಯಾವುವು?

ಮೊದಲನೆಯದು ಅಂಟಿನಿಂದ ಹಲಗೆಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡುವ ಗ್ಲೂಲಾಮ್. ಜರ್ಮನಿಯ ಒಟ್ಟೊ ಹೆಟ್ಜರ್ ಎಂಬಾತ 1906ರಲ್ಲಿ ಬಾಗಿದ ಅಂಟುತೊಲೆಗಳಿಗೆ ಪೇಟೆಂಟ್ ಪಡೆದನು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೊ ಎಂಬ ಊರಿನ ಶಾಲಾ ವ್ಯಾಯಾಮ ಮಂದಿರಕ್ಕೆ 1934ರಲ್ಲಿ ಇದೇ ವಿಧಾನದ ಕಮಾನುಗಳನ್ನು ಬಳಸಲಾಯಿತು. ಎರಡನೆಯದು ಲ್ಯಾಮಿನೇಟೆಡ್ ವೆನೀರ್ ಲಂಬರ್, ಸಂಕ್ಷೇಪವಾಗಿ ಎಲ್‌ವಿಎಲ್. ದಿಮ್ಮಿಯನ್ನು ತಿರುಗಿಸುತ್ತಾ ಸುಮಾರು 3 ಮಿ.ಮೀ. ದಪ್ಪದ ವೆನೀರ್ ಹಾಳೆಗಳಾಗಿ ಸುಲಿದು, ಎಲ್ಲ ಹಾಳೆಗಳ ನಾರುಗಳೂ ಉದ್ದಕ್ಕೆ ಇರುವಂತೆ ಜೋಡಿಸಿ, ಶಾಖ ಮತ್ತು ಒತ್ತಡದಲ್ಲಿ ಅಂಟಿಸುವುದು ಇದರ ಕ್ರಮ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಲಾಗಿರುತ್ತವೆ. ಎಲ್‌ವಿಎಲ್‌ನಲ್ಲಿ ಹಾಗಿರುವುದಿಲ್ಲ. ಈ ಒಂದು ವ್ಯತ್ಯಾಸದಿಂದಲೇ ಅದು ತೊಲೆಯಾಗಿ ಭಾರ ಹೊರಬಲ್ಲದು. 1971ರಿಂದ ಅಮೆರಿಕದಲ್ಲಿ ಇದರ ವಾಣಿಜ್ಯ ಉತ್ಪಾದನೆ ನಡೆದಿದೆ. ಮೂರನೆಯದು ಇಂಗ್ಲಿಷಿನ ‘ಐ’ ಅಕ್ಷರದ ಆಕಾರದ ಜಂತಿ. ಮೇಲೆ ಕೆಳಗೆ ಎಲ್‌ವಿಎಲ್ ಅಥವಾ ಇಡಿಮರದ ಪಟ್ಟಿ, ನಡುವೆ ತೆಳುವಾದ ಫಲಕ. ಇದು 1969ರಲ್ಲಿ ಮಾರುಕಟ್ಟೆಗೆ ಬಂದಿತು.

ಸಣ್ಣ ಸುತ್ತಳತೆಯ, ಬೇಗ ಬೆಳೆಯುವ ಮರದಿಂದಲೂ ಉದ್ದನೆಯ ನೇರವಾದ ತೊಲೆಗಳನ್ನು ಪಡೆಯಬಹುದೆಂಬುದು ಇವುಗಳ ದೊಡ್ಡ ಲಾಭ. ಗಂಟು, ಸೀಳುಗಳು ಹಲವು ಪದರಗಳಲ್ಲಿ ಹಂಚಿಹೋಗುವುದರಿಂದ ಒಂದು ತೊಲೆಗೂ ಇನ್ನೊಂದಕ್ಕೂ ಬಲದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಆದರೆ ಈ ಎಲ್ಲ ಲೆಕ್ಕಾಚಾರಗಳೂ ತೊಲೆಯು ಒಣಗಿರುತ್ತದೆ ಎಂಬ ಒಂದು ಊಹೆಯ ಮೇಲೆ ನಿಂತಿವೆ.

ನಿರ್ಮಾಣದ ಹಂತದಲ್ಲೇ ಅಪಾಯವೇಕೆ?

ಕಾರ್ಖಾನೆಯಿಂದ ಹೊರಬೀಳುವಾಗ ಎಲ್‌ವಿಎಲ್‌ನ ತೇವಾಂಶವು ಸಾಮಾನ್ಯವಾಗಿ ಶೇ. 8ರಿಂದ 12ರ ಆಸುಪಾಸಿನಲ್ಲಿರುತ್ತದೆ. ಅಂದರೆ ಒಣಗಿದ ಮರದ ತೂಕ 100 ಕಿಲೋ ಇದ್ದರೆ ಅದರಲ್ಲಿ 8ರಿಂದ 12 ಕಿಲೋ ನೀರು. ಇಷ್ಟು ಒಣಗಿದ ಮರ ನೀರಿಗಾಗಿ ಬಾಯಿ ತೆರೆದಿರುತ್ತದೆ ಎಂದರೆ ತಪ್ಪಾಗಲಾರದು. ಕಟ್ಟಡ ಪೂರ್ಣಗೊಂಡ ಮೇಲೆ ಸೂರಿನಡಿಯಲ್ಲಿ ಅದಕ್ಕೆ ಭಯವಿಲ್ಲ. ಅಪಾಯವಿರುವುದು ನಡುವಣ ಕೆಲವು ವಾರಗಳಲ್ಲಿ.

ಉತ್ತರ ಅಮೆರಿಕದ ಮನೆಗಳಲ್ಲಿ ಮೊದಲು ನೆಲದ ತೊಲೆಗಳನ್ನು ಕೂರಿಸಿ, ಅದರ ಮೇಲೆ ಫಲಕ ಹಾಸಿ, ಅದರ ಮೇಲೆ ಗೋಡೆಯ ಚೌಕಟ್ಟು ನಿಲ್ಲಿಸಿ, ಕೊನೆಗೆ ಛಾವಣಿ ಹಾಕುತ್ತಾರೆ. ಆದ್ದರಿಂದ ಎಲ್ಲಕ್ಕಿಂತ ಕೆಳಗಿರುವ ತೊಲೆಯೇ ಎಲ್ಲಕ್ಕಿಂತ ಹೆಚ್ಚು ದಿನ ಮಳೆಗೆ ಒಡ್ಡಿಕೊಂಡಿರುತ್ತದೆ. ಹಾಸಿದ ಫಲಕದ ಮೇಲೆ ನಿಂತ ನೀರು ಸಂದುಗಳ ಮೂಲಕ ಇಳಿದು ತೊಲೆಯ ನೆತ್ತಿಯ ಮೇಲೆ ಬೀಳುತ್ತದೆ. ವ್ಯಾಂಕೂವರ್, ಸಿಯಾಟಲ್‌ನಂಥ ನಗರಗಳಲ್ಲಿ ಚಳಿಗಾಲವೇ ಮಳೆಗಾಲವಾದ್ದರಿಂದ ಒಮ್ಮೆ ನೆನೆದದ್ದು ತಾನಾಗಿ ಒಣಗುವುದೂ ನಿಧಾನ.

ನೀರು ಒಳಹೊಕ್ಕಾಗ ನಡೆಯುವುದೇನು?

ಮರದ ನಾರುಗಳ ಗೋಡೆಗಳು ಸುಮಾರು ಶೇ. 28ರಿಂದ 30ರವರೆಗೆ ನೀರನ್ನು ಹೀರಿ ಹಿಡಿದುಕೊಳ್ಳಬಲ್ಲವು. ಅದಕ್ಕಿಂತ ಹೆಚ್ಚಿನ ನೀರು ನಾರಿನೊಳಗಿನ ಟೊಳ್ಳಿನಲ್ಲಿ ತುಂಬಿಕೊಳ್ಳುತ್ತದೆ. ಈ ಮಿತಿಯನ್ನು ತಲುಪುವವರೆಗೆ ಮರ ಉಬ್ಬುತ್ತದೆ. ಒಣಗುವಾಗ ಅದೇ ಮಿತಿಯಿಂದ ಕೆಳಗೆ ಕುಗ್ಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ನಗಣ್ಯ. ಅಗಲ ಮತ್ತು ಎತ್ತರದಲ್ಲಿ ಮಾತ್ರ ಅದು ಗಣನೀಯ. ತೇವಾಂಶ ಶೇ. 1 ಹೆಚ್ಚಿದರೆ ಅಳತೆ ಸುಮಾರು ಶೇ. 0.25 ಹೆಚ್ಚುತ್ತದೆ ಎಂಬುದು ಯೂರೋಪಿನ ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. 300 ಮಿ.ಮೀ. ಎತ್ತರದ ತೊಲೆಯ ತೇವಾಂಶ ಶೇ. 10ರಿಂದ 20ಕ್ಕೆ ಏರಿದರೆ ಅದರ ಎತ್ತರ 7.5 ಮಿ.ಮೀ. ಹೆಚ್ಚಿದಂತಾಯಿತು. ಅದೇ ಸ್ಥಿತಿಯಲ್ಲಿ ನೆಲಹಾಸು, ಗೋಡೆ, ಚಾವಣಿ ಫಲಕಗಳನ್ನು ಮುಗಿಸಿಬಿಟ್ಟರೆ, ಮುಂದೆ ತೊಲೆ ಒಣಗಿ ಕುಗ್ಗಿದಾಗ ನೆಲ ತಗ್ಗುತ್ತದೆ, ಗೋಡೆಯಲ್ಲಿ ಬಿರುಕು ಕಾಣಿಸುತ್ತದೆ, ಮೊಳೆಗಳು ಸಡಿಲಗೊಂಡು ನಡೆದಾಗ ಕಿರುಗುಟ್ಟುತ್ತವೆ.

ನೀರು ಎಲ್ಲ ಮುಖಗಳಿಂದಲೂ ಒಂದೇ ವೇಗದಲ್ಲಿ ಒಳಹೋಗುವುದಿಲ್ಲ. ಕೊಯ್ದ ತುದಿಯಲ್ಲಿ ನಾರಿನ ಬಾಯಿಗಳು ತೆರೆದಿರುವುದರಿಂದ ಅಲ್ಲಿ ನೀರು ಪಕ್ಕದ ಮುಖಕ್ಕಿಂತ ಅನೇಕ ಪಟ್ಟು ಬೇಗ ಹೀರಲ್ಪಡುತ್ತದೆ. ತೊಲೆ ಗೋಡೆಯ ಮೇಲೆ ಕೂರುವುದೂ ಲೋಹದ ಹಿಡಿಕೆಗಳಲ್ಲಿ ಸೇರುವುದೂ ಇದೇ ತುದಿಯಲ್ಲಿ. ಹೀಗಾಗಿ ಭಾರ ಹೊರುವ ಜಾಗವೇ ಮೊದಲು ನೆನೆಯುತ್ತದೆ.

ಎಲ್‌ವಿಎಲ್‌ನ ಒಂದು ಮುಖ ಮಾತ್ರ ನೆನೆದರೆ ಆ ಕಡೆಯ ಪದರಗಳು ಉಬ್ಬಿ ಹಲಗೆ ದೋಣಿಯಂತೆ ಬಾಗುತ್ತದೆ. ಅಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಹಲಗೆಗೆ ಇದು ಸಾಮಾನ್ಯವಾಗಿ ಆಗುವ ದೋಷ. ಎರಡು ಕಡೆಯೂ ಸಮನಾಗಿ ಒಣಗಲು ಬಿಟ್ಟರೆ ಬಾಗು ಬಹುಮಟ್ಟಿಗೆ ತಾನೇ ಇಳಿಯುತ್ತದೆ. ಆದರೆ ಎರಡು ಮೂರು ಹಲಗೆಗಳನ್ನು ಪಕ್ಕಪಕ್ಕಕ್ಕೆ ಬೋಲ್ಟ್ ಹಾಕಿ ಕೂಡಿಸಿದ ತೊಲೆಯಲ್ಲಿ ಸಮಸ್ಯೆ ಗಂಭೀರವಾದುದು. ಹಲಗೆಗಳ ನಡುವಣ ಕೂದಲೆಳೆಯಷ್ಟು ಸಂದಿನಲ್ಲಿ ನೀರು ಇಳಿಯುವುದು ಸುಲಭ, ಹೊರಬರುವುದು ಕಷ್ಟ. ಹೊರಮುಖ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿ ಉಳಿದಿರುತ್ತದೆ. ಐ-ಜಂತಿಗಳ ನಡುವಣ ಫಲಕ ಚಕ್ಕೆಗಳನ್ನು ಒತ್ತಿ ಮಾಡಿದ್ದಾದರೆ ಅದರ ಅಂಚುಗಳು ಉಬ್ಬುತ್ತವೆ. ಒಮ್ಮೆ ಉಬ್ಬಿದ ಚಕ್ಕೆಫಲಕ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಪೂರ್ತಿಯಾಗಿ ಮರಳುವುದಿಲ್ಲ.

ತೂಕವನ್ನೂ ಮರೆಯುವಂತಿಲ್ಲ. 45 ಮಿ.ಮೀ. ದಪ್ಪ, 300 ಮಿ.ಮೀ. ಎತ್ತರ, 6 ಮೀಟರ್ ಉದ್ದದ ಒಂದು ಹಲಗೆಯ ಒಣ ತೂಕ ಸುಮಾರು 44 ಕಿಲೋ ಎಂದಿಟ್ಟುಕೊಂಡರೆ, ತೇವಾಂಶ ಶೇ. 10ರಿಂದ 25ಕ್ಕೆ ಏರಿದಾಗ ಅದು ಆರೂವರೆ ಲೀಟರಿಗೂ ಹೆಚ್ಚು ನೀರನ್ನು ಹೊಸದಾಗಿ ಕುಡಿದಿರುತ್ತದೆ. ಆ ನೀರೆಲ್ಲ ಒಂದಲ್ಲ ಒಂದು ದಿನ ಹೊರಹೋಗಲೇಬೇಕು. ಅದು ಹೋಗುವುದಕ್ಕೆ ದಾರಿ ಇದೆಯೇ ಎಂಬುದೇ ಇಡೀ ವಿಷಯದ ತಿರುಳು.

ಬಲದ ನಷ್ಟ ಎಷ್ಟು?

ಹಸಿಮರ ಒಣಮರದಷ್ಟು ಗಟ್ಟಿಯಲ್ಲ. ಅಮೆರಿಕದ ಮರದ ನಿರ್ಮಾಣ ವಿನ್ಯಾಸ ಸಂಹಿತೆಯ ಪ್ರಕಾರ, ಬಳಕೆಯಲ್ಲಿರುವಾಗ ಗ್ಲೂಲಾಮ್‌ನ ತೇವಾಂಶ ಶೇ. 16 ಅಥವಾ ಅದಕ್ಕಿಂತ ಹೆಚ್ಚಿರುವುದಾದರೆ ಅದರ ಬಾಗುಬಲವನ್ನು 0.8ರಿಂದ ಗುಣಿಸಿ ಲೆಕ್ಕ ಹಾಕಬೇಕು. ಪೆಡಸುತನಕ್ಕೆ ಗುಣಕ 0.833. ನಾರಿಗೆ ಅಡ್ಡಲಾಗಿ ಬೀಳುವ ಒತ್ತಡಕ್ಕೆ, ಎಂದರೆ ತೊಲೆಯ ತುದಿ ಆಧಾರದ ಮೇಲೆ ಕೂರುವ ಸ್ಥಳದಲ್ಲಿನ ಒತ್ತಡಕ್ಕೆ, ಗುಣಕ ಕೇವಲ 0.53. ಬೇರೆ ಮಾತಿನಲ್ಲಿ ಹೇಳುವುದಾದರೆ, ಆಧಾರದ ಬಳಿ ತೊಲೆಗಿರುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ.

ಮರ ಒಣಗಿದಾಗ ಈ ಬಲ ಬಹುಪಾಲು ಮರಳುತ್ತದೆ. ಆದರೆ ಹಸಿಯಾಗಿರುವಾಗ ಭಾರ ಹೊತ್ತು ಜಗ್ಗಿದ ತೊಲೆ ಒಣಗಿದ ಮೇಲೆ ಮತ್ತೆ ನೇರವಾಗುವುದಿಲ್ಲ. ಭಾರದಡಿಯಲ್ಲಿ ನೆನೆಯುವುದು, ಒಣಗುವುದು ಮತ್ತೆ ಮತ್ತೆ ನಡೆದರೆ ಜಗ್ಗು ಪ್ರತಿ ಸಲವೂ ಅಷ್ಟಷ್ಟು ಹೆಚ್ಚುತ್ತದೆ. ಆದಕಾರಣ ನೆನೆದ ತೊಲೆಗಳ ಮೇಲೆ ಇಟ್ಟಿಗೆ, ಸಿಮೆಂಟು, ಫಲಕಗಳ ಅಟ್ಟಿಯನ್ನು ಇಡಬಾರದೆಂಬ ನಿಯಮವಿದೆ.

ಅಂಟಿನ ಪಾತ್ರ: ಒಂದು ದುರಂತದ ಪಾಠ

ಮರ ಒಣಗಿ ಮೊದಲಿನಂತಾದರೂ ಅಂಟು ಹಾಗಾಗಬೇಕೆಂದೇನಿಲ್ಲ. ಫಿನಾಲ್ ಮತ್ತು ರಿಸಾರ್ಸಿನಾಲ್ ಮೂಲದ ಅಂಟುಗಳು ನೀರಿಗೂ ಕುದಿತಕ್ಕೂ ನಿಲ್ಲುತ್ತವೆ. ಯೂರಿಯಾ ಮೂಲದ ಅಂಟು ಅಗ್ಗ, ಒಣಜಾಗದಲ್ಲಿ ಗಟ್ಟಿ. ಆದರೆ ಬಹುಕಾಲ ತೇವದಲ್ಲಿದ್ದರೆ ಅದರ ರಾಸಾಯನಿಕ ಬಂಧಗಳು ಕ್ರಮೇಣ ಬಿಚ್ಚಿಹೋಗುತ್ತವೆ. ಈ ಕ್ಷಯ ಕಣ್ಣಿಗೆ ಕಾಣುವುದಿಲ್ಲ. ಹಾಗೆ ಹೋದ ಬಲ ಒಣಗಿಸಿದರೂ ಮರಳುವುದಿಲ್ಲ.

2006ರ ಜನವರಿ 2ರಂದು ಜರ್ಮನಿಯ ಬವೇರಿಯಾ ಪ್ರಾಂತದ ಬಾಡ್ ರೈಶೆನ್‌ಹಾಲ್ ಎಂಬ ಊರಿನಲ್ಲಿ ಹಿಮಜಾರಾಟದ ಸಭಾಂಗಣದ ಛಾವಣಿ ಕುಸಿದು 15 ಜನರು ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹದಿಹರೆಯದವರು. 1970ರ ದಶಕದ ಆರಂಭದಲ್ಲಿ ಕಟ್ಟಿದ ಆ ಛಾವಣಿಯನ್ನು ಅಂಟಿನಿಂದ ಕೂಡಿಸಿದ ಟೊಳ್ಳು ಪೆಟ್ಟಿಗೆಯಂಥ ಮರದ ತೊಲೆಗಳು ಹೊತ್ತಿದ್ದವು. ತೊಲೆಗಳ ಎತ್ತರ 2.87 ಮೀಟರ್, ಆ ಬಗೆಯ ತೊಲೆಗೆ ದೊರೆತಿದ್ದ ಅನುಮೋದನೆ 1.20 ಮೀಟರ್ ಎತ್ತರಕ್ಕೆ ಮಾತ್ರ. ಲೆಕ್ಕಾಚಾರದಲ್ಲಿಯೂ ದೋಷಗಳಿದ್ದವು. ಇವುಗಳ ಜೊತೆಗೆ ಯೂರಿಯಾ ಅಂಟನ್ನು ಬಳಸಲಾಗಿತ್ತು. ಹಿಮದ ಅಂಗಳದ ಮೇಲಿನ ತೇವಗಾಳಿ, ಛಾವಣಿಯಡಿ ಹನಿಗಟ್ಟುವ ನೀರು ಇವುಗಳಿಂದ ಮೂರು ದಶಕಗಳಲ್ಲಿ ಆ ಅಂಟು ಬಲಗುಂದಿತ್ತು. ಛಾವಣಿಯ ಮೇಲೆ ಹಿಮ ದಟ್ಟವಾಗಿ ಬಿದ್ದ ದಿನ ಅದು ಸೋತಿತು.

ಇದು ಬಳಕೆಯಲ್ಲಿದ್ದ ಕಟ್ಟಡದ ಪ್ರಸಂಗ, ನಿರ್ಮಾಣ ಹಂತದ್ದಲ್ಲ. ಆದರೂ ವ್ಯಾಪಾರದವರಿಗೆ ಇದರ ಪಾಠ ನೇರವಾಗಿದೆ. ತೇವ ತಗಲಬಹುದಾದ ಜಾಗಕ್ಕೆ ಯಾವ ಅಂಟಿನ ಸರಕು ಹೋಗುತ್ತಿದೆ ಎಂಬುದನ್ನು ಮಾರುವವನು ತಿಳಿದಿರಬೇಕು, ಕೊಳ್ಳುವವನು ಕೇಳಿ ಬರೆಸಿಕೊಳ್ಳಬೇಕು. ಪ್ಲೈವುಡ್ ವರ್ತಕರಿಗೆ ಈ ಭೇದ ಪರಿಚಿತವೇ. ಐಎಸ್ 303 ಮಾನಕದಲ್ಲಿ ತೇವನಿರೋಧಕ ದರ್ಜೆಗೆ 60 ಡಿಗ್ರಿ ಬಿಸಿನೀರಿನ ಪರೀಕ್ಷೆ, ಕುದಿನೀರು ನಿರೋಧಕ ದರ್ಜೆಗೆ ಕುದಿಯುವ ನೀರಿನ ಪರೀಕ್ಷೆ. ಐಎಸ್ 710ರ ಮೆರೈನ್ ಪ್ಲೈವುಡ್‌ಗೆ 72 ಗಂಟೆಗಳ ಕುದಿತ. ಸೆಂಟ್ರಿಂಗ್ ಪ್ಲೈವುಡ್‌ಗೆ ಐಎಸ್ 4990, ಎಲ್‌ವಿಎಲ್‌ಗೆ ಐಎಸ್ 14616 ಎಂಬ ಪ್ರತ್ಯೇಕ ಮಾನಕಗಳಿವೆ. ಅಂಟಿನ ಗೆರೆ ಕಪ್ಪಗಿದೆ ಎಂಬ ಮಾತ್ರಕ್ಕೆ ಅದು ಫಿನಾಲ್ ಅಂಟೆಂದು ನಂಬಬಾರದು. ಬಣ್ಣ ಬೆರೆಸುವುದು ಸುಲಭ, ಕುದಿತದ ಪರೀಕ್ಷೆಯನ್ನು ಗೆಲ್ಲುವುದು ಸುಲಭವಲ್ಲ.

ಮುಚ್ಚಿಹೋದ ನೀರು

ಮರವನ್ನು ಕೊಳೆಯಿಸುವ ಶಿಲೀಂಧ್ರಗಳು ಬೆಳೆಯಲು ಗಾಳಿ, ಹಿತವಾದ ಉಷ್ಣತೆ ಮತ್ತು ನೀರು ಬೇಕು. ಮೊದಲಿನ ಎರಡನ್ನು ಯಾರೂ ತಡೆಯಲಾರರು, ಹಿಡಿತದಲ್ಲಿರುವುದು ನೀರೊಂದೇ. ತೇವಾಂಶ ಶೇ. 20ರ ಕೆಳಗಿದ್ದರೆ ಕೊಳೆತ ಆರಂಭವಾಗದು. ಶೇ. 26ರಿಂದ 30ರ ಆಚೆ ಬಹುಕಾಲ ಉಳಿದರೆ ಮರ ಕುಂಬಾಗುವುದು ಖಂಡಿತ. ಒಂದೆರಡು ಮಳೆಗೆ ನೆನೆದು ಗಾಳಿಗೆ ಒಣಗಿದ ತೊಲೆಗೆ ಈ ಭಯವಿಲ್ಲ. ಮೇಲ್ಮೈಯಲ್ಲಿ ಕಾಣುವ ಬೂಷ್ಟು ಕೂಡ ತಾನಾಗಿ ಬಲವನ್ನು ಕುಂದಿಸುವುದಿಲ್ಲ. ಅದು ತೇವ ಹೆಚ್ಚಿದೆ ಎಂಬುದರ ಸೂಚನೆ ಮಾತ್ರ. ನಿಜವಾದ ಹಾನಿ ನಡೆಯುವುದು ನೆನೆದ ತೊಲೆಯನ್ನು ಎರಡು ಕಡೆಯಿಂದಲೂ ಫಲಕ, ಪ್ಲಾಸ್ಟಿಕ್ ಹಾಳೆ, ಬಣ್ಣಗಳಿಂದ ಮುಚ್ಚಿಬಿಟ್ಟಾಗ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಮುಚ್ಚಿದ ಗೋಡೆಯೊಳಗಿನ ನೀರಿಗೆ ದೊಡ್ಡ ಬೆಲೆ ತೆತ್ತಿದೆ. ಅಲ್ಲಿ 1980 ಮತ್ತು 90ರ ದಶಕಗಳಲ್ಲಿ ಕಟ್ಟಿದ ಬಹುಸಂಖ್ಯೆಯ ವಸತಿ ಸಮುಚ್ಚಯಗಳ ಗೋಡೆಗಳೊಳಗೆ ಮಳೆನೀರು ಸೇರಿ, ಹೊರಬರಲು ದಾರಿಯಿಲ್ಲದೆ ಮರದ ಚೌಕಟ್ಟುಗಳು ಕೊಳೆತವು. ಮನೆ ಕೊಂಡವರು ಜೀವಮಾನದ ಉಳಿತಾಯವನ್ನು ದುರಸ್ತಿಗೆ ಸುರಿಯಬೇಕಾಯಿತು. 1998ರಲ್ಲಿ ಮಾಜಿ ಪ್ರಾಂತೀಯ ಪ್ರಧಾನಿ ಡೇವ್ ಬ್ಯಾರೆಟ್ ಅವರ ನೇತೃತ್ವದ ಆಯೋಗ ವಿಚಾರಣೆ ನಡೆಸಿತು. ಅದೇ ವರ್ಷ ಮನೆಮಾಲೀಕರ ರಕ್ಷಣಾ ಕಾನೂನು ಬಂದಿತು. ಅದರನ್ವಯ 1999ರಿಂದ ಹೊಸ ಮನೆಗಳಿಗೆ ಸಾಮಗ್ರಿ ಮತ್ತು ಕೆಲಸದ ದೋಷಗಳಿಗೆ 2 ವರ್ಷ, ನೀರು ತಡೆಯುವ ಹೊರಕವಚಕ್ಕೆ 5 ವರ್ಷ, ಕಟ್ಟಡದ ರಚನೆಗೆ 10 ವರ್ಷ ಎಂಬ ಕಡ್ಡಾಯ ಖಾತರಿ ವಿಮೆ ಜಾರಿಯಾಯಿತು. ಅಳವಡಿಸುವಾಗ ಮರದ ತೇವಾಂಶ ಶೇ. 19ನ್ನು ಮೀರಬಾರದೆಂಬುದು ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ.

ನಮ್ಮ ಪರಿಸ್ಥಿತಿ

ಕರ್ನಾಟಕದಲ್ಲಿ ದೊಡ್ಡ ಕಾಂಕ್ರೀಟ್ ಕಾಮಗಾರಿಗಳಿಗೆ ‘ಎಚ್-20’ ಎಂದು ಕರೆಯಲ್ಪಡುವ ಅಂಟುಮರದ ಸೆಂಟ್ರಿಂಗ್ ತೊಲೆಗಳು ಬಳಕೆಯಲ್ಲಿವೆ. 80 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ಈ ತೊಲೆಗಳ ಮೇಲೆ ಕೆಳಗೆ ಮರದ ಪಟ್ಟಿ, ನಡುವೆ ಪದರ ಪದರವಾದ ಫಲಕ ಇರುತ್ತದೆ. ನೀರು ಹೀರದಂತೆ ಸಾಮಾನ್ಯವಾಗಿ ಹಳದಿ ಲೇಪ ಕೊಟ್ಟು, ತುದಿಗಳಿಗೆ ಪ್ಲಾಸ್ಟಿಕ್ ಟೋಪಿ ಅಥವಾ ಬೇರೆ ರಕ್ಷೆ ಹಾಕಿರುತ್ತಾರೆ. ಬಾಡಿಗೆಗೆ ಹೋಗುವ ಸರಕಾದ್ದರಿಂದ ಒಂದೇ ತೊಲೆ ಹತ್ತಾರು ಕಾಮಗಾರಿಗಳನ್ನು ಸುತ್ತುತ್ತದೆ. ಕಾಂಕ್ರೀಟಿನ ನೀರು, ಕ್ಯೂರಿಂಗ್ ನೀರು, ಮಳೆ ಮೂರೂ ಅದಕ್ಕೆ ತಪ್ಪಿದ್ದಲ್ಲ. ಉದ್ದ ಹೆಚ್ಚಾಯಿತೆಂದು ಕಾಮಗಾರಿಯಲ್ಲಿ ಗರಗಸ ಹಾಕಿದರೆ ರಕ್ಷೆಯಿಲ್ಲದ ಹೊಸ ತುದಿ ತೆರೆದುಕೊಳ್ಳುತ್ತದೆ. ಮುಂದಿನ ಮಳೆಯಲ್ಲಿ ನೀರು ಅಲ್ಲಿಂದಲೇ ಏರುತ್ತದೆ. ಹಸಿ ಕಾಂಕ್ರೀಟಿನ ಭಾರವನ್ನೂ ಅದರ ಮೇಲೆ ಓಡಾಡುವ ಕೂಲಿಕಾರರನ್ನೂ ಹೊರುವುದು ಈ ತೊಲೆಗಳೇ. ಆದ್ದರಿಂದ ಪದರ ಬಿಟ್ಟ ಒಂದು ತೊಲೆ ಕೇವಲ ಬಾಡಿಗೆಯ ನಷ್ಟವಲ್ಲ, ಮನುಷ್ಯರ ಪ್ರಾಣದ ಪ್ರಶ್ನೆ.

ಮಳೆ ನೇರವಾಗಿ ಬೀಳದಿದ್ದರೂ ಗೋದಾಮಿನ ಸರಕು ಸುರಕ್ಷಿತವೆನ್ನುವಂತಿಲ್ಲ. ಮರವು ಸುತ್ತಣ ಗಾಳಿಯ ತೇವಕ್ಕೆ ಹೊಂದಿಕೊಳ್ಳುವ ವಸ್ತು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65ರಷ್ಟಿದ್ದರೆ ಮರದ ತೇವಾಂಶ ಶೇ. 12ರ ಬಳಿ ನಿಲ್ಲುತ್ತದೆ. ಆರ್ದ್ರತೆ ಶೇ. 90 ಆದರೆ ತೇವಾಂಶ ಶೇ. 20ರ ಹತ್ತಿರಕ್ಕೆ ಏರುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಮುಂಗಾರಿನಲ್ಲಿ ವಾರಗಟ್ಟಲೆ ಇಂಥ ಗಾಳಿ ಇರುತ್ತದೆ. ಅಲ್ಲಿ ಮಳೆಗಾಲದಲ್ಲಿ ಕಾದಿಟ್ಟ ಸರಕನ್ನು ನೇರವಾಗಿ ಬಳ್ಳಾರಿ, ರಾಯಚೂರಿನಂಥ ಒಣ ಊರಿಗೆ ಕಳಿಸಿದರೆ ಬೇಸಿಗೆಯಲ್ಲಿ ಅದು ಕುಗ್ಗಿ ಸೀಳುವುದು ಸಹಜ. ಆಮದು ಸರಕಿನ ವಿಷಯದಲ್ಲಿ ಕಂಟೇನರಿನ ಒಳಛಾವಣಿಯಲ್ಲಿ ಹನಿಗಟ್ಟಿ ಸುರಿಯುವ ‘ಬೆವರು’ ಕೂಡ ಗಮನಾರ್ಹ.

ತೇವಾಂಶದ ಅಳತೆ

ಕೈಯಿಂದ ಮುಟ್ಟಿ ನೋಡುವುದರಿಂದ ಮೇಲ್ಮೈಯ ಸ್ಥಿತಿ ಮಾತ್ರ ತಿಳಿಯುತ್ತದೆ. ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿ ವಿದ್ಯುತ್ ತಡೆಯನ್ನು ಅಳೆಯುವ ಮೀಟರ್ ಸಣ್ಣ ವ್ಯಾಪಾರಿಗೂ ಎಟುಕುವ ಸಾಧನ. ಆಳದ ತೇವ ತಿಳಿಯಲು ತುದಿ ಹೊರತು ಉಳಿದ ಭಾಗಕ್ಕೆ ಅವಾಹಕ ಲೇಪವಿರುವ ಉದ್ದನೆಯ ಸೂಜಿಗಳು ಬೇಕು. ಎಲ್‌ವಿಎಲ್ ಮತ್ತು ಪ್ಲೈವುಡ್‌ಗಳಲ್ಲಿ ಅಂಟಿನ ಗೆರೆಗಳೂ ವಿದ್ಯುತ್ತನ್ನು ಹರಿಸುವುದರಿಂದ ಮೀಟರ್ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದು. ಸಂಶಯವಿದ್ದಲ್ಲಿ ಒಣಗಿಸಿ ತೂಗುವ ವಿಧಾನವೇ ನಿರ್ಣಾಯಕ. ತುಂಡೊಂದನ್ನು ತೂಗಿ, ಸುಮಾರು 103 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಮತ್ತೆ ತೂಗಬೇಕು. ಮೊದಲು 112 ಗ್ರಾಂ, ನಂತರ 100 ಗ್ರಾಂ ಬಂದರೆ ತೇವಾಂಶ ಶೇ. 12.

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಈ ವಿಷಯಗಳ ಅಧ್ಯಯನಕ್ಕೆ ಹೆಸರಾಗಿದೆ. ಪ್ಲೈವುಡ್ ಉದ್ಯಮಕ್ಕಾಗಿಯೇ ಒಂದು ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1962ರಲ್ಲಿ ಇದೇ ನಗರದಲ್ಲಿ ಆರಂಭವಾಯಿತೆಂಬುದೂ ಸ್ಮರಣೀಯ.

ಅನುಸರಿಸಬೇಕಾದ ಕ್ರಮಗಳು

1. ಸರಕು ಇಳಿಸಿಕೊಳ್ಳುವ ದಿನವೇ ಪ್ರತಿ ಅಟ್ಟಿಯಲ್ಲಿ ಕೆಲವು ತೊಲೆಗಳ ತೇವಾಂಶವನ್ನು ನಡುವೆ ಮತ್ತು ತುದಿಯಲ್ಲಿ ಅಳೆದು, ದಿನಾಂಕ ಸಹಿತ ಬರೆದಿಡಬೇಕು.

2. ತೊಲೆಗಳನ್ನು ನೆಲಕ್ಕೆ ತಾಗಿಸದೆ ಸಮತಟ್ಟಾದ ದಿಂಡುಗಳ ಮೇಲಿಟ್ಟು, ಅಟ್ಟಿಗಳ ನಡುವೆ ಒಂದರ ನೇರಕ್ಕೆ ಒಂದು ಬರುವಂತೆ ರೀಪರ್ ಪಟ್ಟಿಗಳನ್ನು ಕೊಡಬೇಕು.

3. ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆ ಸಾಗಣೆಗಾಗಿ ಇರುವಂಥದು. ಹರಿದ ಹೊದಿಕೆ ನೀರನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡುವುದಿಲ್ಲ. ಅಂಥದ್ದರ ತಳಭಾಗವನ್ನು ಸೀಳಿ ನೀರು ಇಳಿಯಲು, ಗಾಳಿ ಆಡಲು ಅವಕಾಶ ಮಾಡಬೇಕು. ಟಾರ್ಪಾಲನ್ನು ಮೇಲಿನಿಂದ ಇಳಿಜಾರಾಗಿ ಕಟ್ಟಿ ಪಕ್ಕಗಳನ್ನು ತೆರೆದಿಡಬೇಕು.

4. ಕತ್ತರಿಸಿದ ತುದಿಗೆ ಅಂದೇ ನೀರುನಿರೋಧಕ ಬಣ್ಣ ಅಥವಾ ಮೇಣದ ಲೇಪ ಹಚ್ಚಬೇಕು.

5. ನೆನೆದ ಜೋಡಿತೊಲೆಗಳ ಬೋಲ್ಟ್ ಸಡಿಲಿಸಬೇಕಾದರೆ ಮೊದಲು ಆಸರೆ ಕೊಟ್ಟು, ಎಂಜಿನಿಯರರ ಸಲಹೆ ಪಡೆಯಬೇಕು. ಒಣಗಿಸಲು ಫ್ಯಾನು ಮತ್ತು ತೇವ ಹೀರುವ ಯಂತ್ರ ಸಾಕು. ಅತಿಶಾಖದಿಂದ ಅವಸರವಾಗಿ ಒಣಗಿಸಿದರೆ ಮರ ಸೀಳುತ್ತದೆ.

6. ತೇವಾಂಶ ಶೇ. 19ರ ಒಳಗೆ ಇಳಿದಿದೆಯೆಂದು ಅಳೆದು ಖಚಿತಪಡಿಸಿಕೊಳ್ಳುವವರೆಗೆ ತೊಲೆಯನ್ನು ಫಲಕದಿಂದ ಮುಚ್ಚಬಾರದು.

7. ಪದರ ಬಿಟ್ಟ, ಚೂರಿಯ ಮೊನೆಗೆ ಮೆತ್ತಗೆ ಸಿಗುವ ಅಥವಾ ಒಣಗಿದ ಮೇಲೂ ಜಗ್ಗಿರುವ ತೊಲೆಯನ್ನು ಬೇರೆ ಇಟ್ಟು ಗುರುತು ಹಾಕಬೇಕು. ಸಂದಿಗೆ ಅಂಟು ತುಂಬಿ, ಬಣ್ಣ ಬಳಿದು ಮತ್ತೆ ಭಾರ ಹೊರುವ ಕೆಲಸಕ್ಕೆ ಕಳಿಸುವುದು ಅಪರಾಧಕ್ಕೆ ಸಮಾನ.

ನಷ್ಟ ಯಾರ ಪಾಲಿಗೆ?

ನೆನೆದ ಸರಕಿನ ವ್ಯಾಜ್ಯಗಳಲ್ಲಿ ತಯಾರಕ, ಸಾಗಣೆದಾರ, ವರ್ತಕ, ಗುತ್ತಿಗೆದಾರ ನಾಲ್ವರೂ ಒಬ್ಬರತ್ತ ಒಬ್ಬರು ಬೆರಳು ತೋರುವುದು ಸಾಮಾನ್ಯ. 1930ರ ಸರಕು ಮಾರಾಟ ಅಧಿನಿಯಮದ 26ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಸರಕಿನ ಒಡೆತನ ಯಾರಿಗೆ ಸೇರಿದೆಯೋ ನಷ್ಟದ ಹೊಣೆಯೂ ಅವರದೇ. 41ನೆಯ ಕಲಮು ಸರಕನ್ನು ಪರೀಕ್ಷಿಸಲು ಕೊಳ್ಳುವವನಿಗೆ ಹಕ್ಕು ನೀಡುತ್ತದೆ. 42ನೆಯ ಕಲಮಿನಂತೆ, ಯುಕ್ತ ಕಾಲ ಕಳೆದರೂ ನಿರಾಕರಣೆಯನ್ನು ತಿಳಿಸದೆ ಸರಕನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡನೆಂದೇ ಭಾವಿಸಲಾಗುತ್ತದೆ. ಇಂಥ ಬಳಕೆಗೆ ಬೇಕೆಂದು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಾಗ ಸರಕು ಆ ಬಳಕೆಗೆ ತಕ್ಕದ್ದಾಗಿರಬೇಕೆಂಬ ಷರತ್ತು 16ನೆಯ ಕಲಮಿನಲ್ಲಿದೆ.

ಇವುಗಳನ್ನು ಕೂಡಿಸಿ ನೋಡಿದರೆ ಸರಕು ಇಳಿದ ದಿನದ ತೇವಾಂಶದ ದಾಖಲೆಗೆ ಎಷ್ಟು ಬೆಲೆಯಿದೆ ಎಂಬುದು ಸ್ಪಷ್ಟವಾಗುತ್ತದೆ. ಬಂದಾಗ ಶೇ. 11 ಇದ್ದ ಸರಕು ಕಾಮಗಾರಿಯಲ್ಲಿ ಶೇ. 26 ಆಗಿದ್ದರೆ ತಪ್ಪು ಕಾರ್ಖಾನೆಯದಲ್ಲ, ಬಂದಾಗಲೇ ಶೇ. 24 ಇದ್ದರೆ ಅದನ್ನು ಅಂದೇ ಬರೆದು ತಿಳಿಸಬೇಕಿತ್ತು. ಬೇಡಿಕೆಪತ್ರದಲ್ಲಿ ಅಂಟಿನ ದರ್ಜೆ, ಅನ್ವಯಿಸುವ ಮಾನಕ, ಒಪ್ಪಿಸುವಾಗಿನ ಗರಿಷ್ಠ ತೇವಾಂಶ ಈ ಮೂರನ್ನು ನಮೂದಿಸುವುದು ಒಳ್ಳೆಯ ರೂಢಿ. ಸಾಗಣೆ ಮತ್ತು ದಾಸ್ತಾನಿನ ವಿಮೆಯಲ್ಲಿ ಮಳೆನೀರಿನ ಹಾನಿ ಸೇರಿದೆಯೇ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಓದಿ ತಿಳಿಯಬೇಕು.

ನೆನೆದ ತೊಲೆಯನ್ನೆಲ್ಲ ಎಸೆಯಬೇಕಾಗಿಲ್ಲ, ಒಣಗಿದಂತೆ ಕಂಡದ್ದನ್ನೆಲ್ಲ ನಂಬಲೂ ಬೇಕಾಗಿಲ್ಲ. ಸರಿಯಾದ ಅಂಟಿನ ಸರಕು, ಗಾಳಿಯಾಡುವ ದಾಸ್ತಾನು, ಮುಚ್ಚುವ ಮೊದಲು ಒಂದು ಅಳತೆ ಇಷ್ಟಿದ್ದರೆ ಬಹುಪಾಲು ಹಾನಿಯನ್ನು ತಪ್ಪಿಸಬಹುದು. ಮುಂಗಾರಿಗೆ ಮುನ್ನ ಒಂದು ತೇವಾಂಶ ಮೀಟರಿಗೂ ಒಂದು ದಾಖಲೆ ಪುಸ್ತಕಕ್ಕೂ ಮಾಡುವ ಖರ್ಚು, ಕೆಟ್ಟುಹೋದ ಒಂದು ಅಟ್ಟಿ ಸರಕಿನ ಬೆಲೆಯ ಮುಂದೆ ಅತ್ಯಲ್ಪ.